ಹರಿದ ಜೇಬು

ಎಲೆಕ್ಟ್ರಿಕಲ್ ಓದಿದವರಿಗೆ ಕೆಲಸಕ್ಕೇನು ಬರ ಅಂತ ವಿಶ್ವವಿದ್ಯಾಲಯಕ್ಕೆ ಸೇರುವಾಗ ಎಲ್ಲರೂ ಹೇಳಿದ್ದರು. ಕೊನೆಯ ವರ್ಷ ಬರುವಷ್ಟರಲ್ಲಿ ಜೊತೆಯವರೆಲ್ಲ ಒಂದೊಂದು ದಾರಿ ಹಿಡಿದೂ ಆಗಿತ್ತು. ಒಬ್ಬಳು ಸೋಲಾರ್ ಕಂಪನಿಗೆ ಹೋದಳು, ಇನ್ನೊಬ್ಬ ಡಿಸೈನ್ ಆಫೀಸಿಗೆ. ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿದ್ದವನು ಕೂಡ ಬರೀ ಬಾಯಿಬಲದ ಮೇಲೆ ಟ್ರಾನ್ಸ್‌ಫಾರ್ಮರ್ ಮಾರುವ ಕೆಲಸ ಗಿಟ್ಟಿಸಿದ. ಪುಟ್ಟನೊಬ್ಬ ಮಾತ್ರ ಹೋದ ಇಂಟರ್‌ವ್ಯೂಗಳಿಂದೆಲ್ಲ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದಿದ್ದ. ಹೆಸರಿಗಷ್ಟೇ ಪುಟ್ಟ, ಆಸಾಮಿ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ.

ಅವನಿಗೆ ಉಳಿದಿದ್ದು ಈ ಬಿಸ್ಕತ್ತು ಕಾರ್ಖಾನೆ ಒಂದೇ. ಡಿಗ್ರಿಗೆ ಬೇಕಾದ ತರಬೇತಿ ಇಲ್ಲೇ ನಡೆಯುತ್ತಿತ್ತು. ಮ್ಯಾನೇಜರ್ ಮನಸ್ಸು ಮಾಡಿದರೆ ಮೇಂಟೆನೆನ್ಸ್ ವಿಭಾಗದಲ್ಲಿ ಟ್ರೈನಿ ಇಂಜಿನಿಯರ್ ಅಂತ ಉಳಿಸಿಕೊಳ್ಳಬಹುದಿತ್ತು. ಅದೇ ವಿಭಾಗದಲ್ಲಿ ಅವನ ಅಕ್ಕ ಎಲೆಕ್ಟ್ರಿಷಿಯನ್. ಅವಳು ಅವನನ್ನು ಎಲ್ಲರೆದುರಿಗೂ 'ಇಂಜಿನಿಯರ್ ಸಾಹೇಬ್ರು' ಅಂತಲೇ ಕರೆದು ಕಾಲೆಳೆಯುವಳು. ಎಲ್ಲರೂ ನಗುವರು, ಅವನಿಗೆ ಒಳಗೊಳಗೇ ಖುಷಿ.

ಆವತ್ತು ಬೆಳಗ್ಗೆ ಹಿಟ್ಟು ಕಲಸುವ ದೊಡ್ಡ ಯಂತ್ರ ಕೈಕೊಟ್ಟಿತು. ಹಳೇ ಯಂತ್ರ, ಅದರ ಹೊಟ್ಟೆಯೊಳಗೆ ಒಬ್ಬ ಮನುಷ್ಯ ಬಗ್ಗಿ ನಿಲ್ಲಬಹುದು. ಹಿಟ್ಟಿನ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿದೆ, ಒಳಗೆ ಇಳಿದೇ ಬದಲಾಯಿಸಬೇಕು ಅಂತ ಅಕ್ಕ ಹೇಳಿದಳು. ಪ್ಯಾನೆಲ್ ರೂಮಿಗೆ ಬಂದು ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ತನ್ನ ಕೆಂಪು ಬೀಗ ಜಡಿದಳು. ಕೀಲಿಯನ್ನು ಅವನ ಕೈಗೆ ಹಾಕಿದಳು.

"ಜೋಪಾನ ಕಣೋ, ಸಾಹೇಬ."

ನಿಯಮ ಕೇಳಿದರೆ, ಅದು ತಪ್ಪು. ಯಾರು ಒಳಗೆ ಇಳೀತಾರೋ ಬೀಗ ಅವರದ್ದೇ ಇರಬೇಕು, ಕೀಲಿ ಅವರ ಮೈಮೇಲೇ ಇರಬೇಕು, ಅವರೇ ಬಂದು ತೆಗೀಬೇಕು. ಪುಟ್ಟ ಪರೀಕ್ಷೆಯಲ್ಲಿ ಇದನ್ನೇ ಬರೆದು ಪೂರ್ತಿ ಅಂಕ ಹೊಡೆದಿದ್ದ. ಆದರೆ ಅಕ್ಕನ ಕೆಲಸದ ಅಂಗಿಯ ಜೇಬು ಹರಿದಿತ್ತು. ಹಿಂದೊಮ್ಮೆ ಕೀಲಿ ಅದರಿಂದ ಜಾರಿ ಯಂತ್ರದೊಳಗೆ ಬಿದ್ದು, ಅದನ್ನು ಹುಡುಕುವುದರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ತಮ್ಮ ತರಬೇತಿಗೆ ಬಂದ ಮೇಲೆ ಅವಳು ಆ ಜೇಬಿನ ಗೊಡವೆಗೇ ಹೋಗಲಿಲ್ಲ. ಹೊಲಿದುಕೊಳ್ಳೇ ಅಂತ ಅಮ್ಮ ಬೈದರೆ, "ಇವನಿದ್ದಾನಲ್ಲಮ್ಮ" ಅನ್ನುವಳು.

ಅಕ್ಕ ಹೋಗಿ ಸ್ವಲ್ಪ ಹೊತ್ತಾಗಿತ್ತು. ಪ್ಯಾನೆಲ್ ರೂಮಿನಿಂದ ಯಂತ್ರ ಕಾಣದು, ನಡುವೆ ಗೋಡೆ. ಬಾಗಿಲು ದಾಟಿ ನಾಲ್ಕು ಹೆಜ್ಜೆ ಹಾಕಿದರೆ ಕಾಣುತ್ತದೆ. ಅಷ್ಟರಲ್ಲಿ ಮ್ಯಾನೇಜರ್ ಬಿರುಗಾಳಿ ಬಂದ ಹಾಗೆ ಬಂದರು. ಅವರ ಹಿಂದೆ ಮುಖ್ಯ ಕಚೇರಿಯಿಂದ ಬಂದಿದ್ದ ದೊಡ್ಡವರು.

"ಯಾಕಯ್ಯಾ, ಇನ್ನೂ ಯಂತ್ರ ಶುರುವಾಗಿಲ್ಲ?"

"ಅಕ್ಕ ಸೆನ್ಸರ್ ಹಾಕ್ತಿದ್ದಾಳೆ, ಸರ್."

"ಒಂದು ಸೆನ್ಸರ್‌ಗೆ ಇಷ್ಟು ಹೊತ್ತಾ? ಮುಗಿಸಿರ್ತಾಳೆ, ಹೊರಗೆಲ್ಲೋ ಹರಟೆ ಹೊಡೀತಿರ್ತಾಳೆ. ತೆಗಿ ಬೀಗ."

"ಒಂದು ನಿಮಿಷ, ನೋಡ್ಕೊಂಡು..."

"ಇಷ್ಟಕ್ಕೂ ಅಕ್ಕನ್ನ ಕೇಳ್ತೀಯಾ? ನಾಳೆ ಇಂಜಿನಿಯರ್ ಆದ್ಮೇಲೆ ಯಾರನ್ನ ಕೇಳ್ತೀಯಪ್ಪಾ?"

ದೊಡ್ಡವರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಪುಟ್ಟನ ಕಿವಿ ಬಿಸಿಯಾಯಿತು. ಪಾಪ, ಅವನಾದರೂ ಏನು ಮಾಡಿಯಾನು ಅನ್ನಬೇಡಿ. ಮಾಡುವುದಕ್ಕೆ ಬೇಕಾದಷ್ಟಿತ್ತು. ಇಲ್ಲ ಅನ್ನಬಹುದಿತ್ತು, ಕೀಲಿ ಮುಷ್ಟಿಯಲ್ಲಿ ಹಿಡಿದು ಓಡಬಹುದಿತ್ತು, ಆ ನಾಲ್ಕು ಹೆಜ್ಜೆ ಹಾಕಬಹುದಿತ್ತು. ಅವನು ಬೀಗ ತೆಗೆದು ಸ್ವಿಚ್ ಮೇಲೆತ್ತಿದ. ಮ್ಯಾನೇಜರ್ ತಾವೇ ಹಸಿರು ಗುಂಡಿ ಒತ್ತಿದರು.

ಗೋಡೆಯಾಚೆ ಯಂತ್ರ ಗುಡುಗುಟ್ಟಿತು. ಆ ಸದ್ದು ಕೇಳಿದ ಮೇಲೆ ಅವನಿಗೆ ಬುದ್ಧಿ ಬಂತು. ಕೆಂಪು ಗುಂಡಿ ಒತ್ತಿ, ಬಾಗಿಲಿಗೆ ಭುಜ ಬಡಿದುಕೊಂಡು ಆಚೆ ಓಡಿದ.

ಅಕ್ಕ ಸ್ಟೋರ್ ರೂಮಿನ ಕಡೆಯಿಂದ ಬರುತ್ತಿದ್ದಳು. ಸೆನ್ಸರ್‌ಗೆ ಬೇಕಾದ ವಾಷರ್ ಮರೆತಿದ್ದಳಂತೆ, ತರಲು ಹೋಗಿದ್ದಳು. ಯಂತ್ರದ ರೆಕ್ಕೆಗಳು ಕೊನೆಯ ಸುತ್ತು ತಿರುಗಿ ನಿಲ್ಲುತ್ತಿದ್ದವು. ಅವಳು ಒಳಗೆ ಬಿಟ್ಟುಹೋಗಿದ್ದ ಸ್ಪ್ಯಾನರ್ ನಡು ಮುರಿದುಕೊಂಡು ತಳದಲ್ಲಿ ಬಿದ್ದಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ತಮ್ಮನ ಕೈಯಲ್ಲಿದ್ದ ಕೆಂಪು ಬೀಗ ನೋಡಿದಳು. ಕೈ ಚಾಚಿ ಬೀಗ, ಕೀಲಿ ಎರಡೂ ಇಸಿದುಕೊಂಡು, ಮತ್ತೆ ಸ್ವಿಚ್ ಆಫ್ ಮಾಡಿ ಜಡಿದು, ಉಳಿದ ಕೆಲಸ ಮುಗಿಸಿದಳು.

"ನೋಡಿದ್ಯಾ, ಏನೂ ಆಗ್ಲಿಲ್ಲ" ಅಂದರು ಮ್ಯಾನೇಜರ್. ಅವರ ಮುಖವೂ ಬಿಳಿಚಿಕೊಂಡಿತ್ತು. ಬಹುಶಃ ಅದಕ್ಕೇ ಇರಬೇಕು, ಸಂಜೆ ಅವನನ್ನು ಕರೆಸಿ, "ಡಿಗ್ರಿ ಮುಗಿಸ್ಕೊಂಡು ಬಾ, ನಿನಗೊಂದು ಜಾಗ ಇದೆ. ಇವತ್ತಿನ ವಿಷಯ ಇಲ್ಲಿಗೇ ಬಿಟ್ಬಿಡು" ಅಂದರು. ಅವನು ತಲೆ ಆಡಿಸಿದ.

ಮನೆಯಲ್ಲಿ ಅಮ್ಮನಿಗೆ ಆಕಾಶ ಮೂರೇ ಗೇಣು. ಅಕ್ಕಪಕ್ಕದವರಿಗೆಲ್ಲ ಫೋನ್ ಹೊಡೆದಳು. "ನನ್ನ ಮಗ ಇಂಜಿನಿಯರ್ ಆದ ಕಣ್ರೀ, ಅಕ್ಕನಿಗೇ ಮೇಲಧಿಕಾರಿ" ಅಂತ ನಗಾಡಿದಳು. ಅಕ್ಕ ಕೂಡ "ಒಳ್ಳೇದಾಯ್ತು" ಅಂದಳು. ಸಾಹೇಬ್ರು ಅನ್ನಲಿಲ್ಲ. ಅನ್ನುತ್ತಾಳೇನೋ ಅಂತ ಪುಟ್ಟ ಕಾದೇ ಕಾದ.

ಅಮ್ಮ ಫೋನ್ ಹಿಡಿದು ಒಳಗೆ ಹೋದಾಗ ಅವನು ಅಕ್ಕನ ಹತ್ತಿರ ಬಂದು ನಿಂತ. "ಅಕ್ಕ, ಮ್ಯಾನೇಜರ್ ಒತ್ತಾಯ ಮಾಡಿದ್ರು."

"ಹೂಂ. ಅವರ ಸ್ವಭಾವ ಗೊತ್ತಲ್ಲ." ಅವಳು ಅವನ ಮುಖ ನೋಡಿದಳು. "ಬೀಗ ತೆಗೆಯುವಾಗ ನಾನು ಎಲ್ಲಿದ್ದೀನಿ ಅಂದ್ಕೊಂಡಿದ್ದೆ? ಅದೊಂದು ಹೇಳು ಸಾಕು."

ಹೊರಗೆ ಅಂದ್ಕೊಂಡಿದ್ದೆ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳೇನೋ. ಪುಟ್ಟನಿಗೆ ಸುಳ್ಳು ನಾಲಿಗೆಯ ತುದಿಯವರೆಗೆ ಬಂತು, ಮುಂದೆ ಬರಲಿಲ್ಲ.

"ನಿನ್ನ ಬಗ್ಗೆ ಯೋಚನೇನೇ ಬರ್ಲಿಲ್ಲ ಅಕ್ಕ. ಆ ಕೆಲಸ ಎಲ್ಲಿ ಕೈತಪ್ಪಿ ಹೋಗುತ್ತೋ ಅನ್ನೋದೊಂದೇ ತಲೇಲಿತ್ತು."

"ನಿಜ ಹೇಳಿದ್ಯಲ್ಲ" ಅಂದಳು. ಎದ್ದು ಹೋಗಿ ಗೂಟಕ್ಕೆ ತೂಗುಹಾಕಿದ್ದ ಕೆಲಸದ ಅಂಗಿ ತಂದಳು, ದೀಪದ ಕೆಳಗೆ ಕೂತು ಜೇಬನ್ನು ಹೊರಗೆ ಮಗುಚಿದಳು.

"ಅಮ್ಮಾ, ಸೂಜಿ ದಾರ ಎಲ್ಲಿಟ್ಟಿದ್ದೀಯ?"

"ಇದೇನೇ, ಇಷ್ಟು ದಿನ ಬಡ್ಕೊಂಡ್ರೂ ಹೊಲೀದವಳು" ಅಂತ ಅಮ್ಮ ಒಳಗಿನಿಂದಲೇ ಕೇಳಿದಳು. "ಇವತ್ತೇನು ಬಂತು?"

"ಕೀಲಿ ಇಟ್ಕೋಬೇಕಮ್ಮ" ಅಂದಳು ಅಕ್ಕ.