ಡೇರಿ ತಾರಸಿಯ ಎರಡು ಚುಕ್ಕೆ

ನಮ್ಮೂರಿನ ಜನಕ್ಕೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ. ನನ್ನ ಹೆಸರು ದಿವ್ಯಶ್ರೀ. ಕಣಕಟ್ಟೆ ಪಕ್ಕದ ನಮ್ಮೂರ ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವ ಕೆಲಸ ನನ್ನದು. ಬೆಳಿಗ್ಗೆ ಸಾಯಂಕಾಲ ಈ ಜನದ ಜೊತೆ ಕಿತ್ತಾಡಿಯೇ ನನ್ನ ಗಂಟಲು ಇಷ್ಟು ದೊಡ್ಡದಾಗಿರುವುದು. ಹಾಲಿಗೆ ನೀರು ಹಾಕಿದ್ದೀರಾ ಎಂದರೆ ಎಮ್ಮೆ ಜಾಸ್ತಿ ನೀರು ಕುಡಿದಿದೆ ಎನ್ನುವವರ ಹತ್ತಿರ ಮೆಲ್ಲಗೆ ಮಾತಾಡುವುದು ಹೇಗೆ ಸ್ವಾಮಿ?

ಇಂಥ ಊರಿಗೆ ಡ್ರೋನ್ ಬಂತು. ಮನೆ, ಹಿತ್ತಿಲು, ಕೊಟ್ಟಿಗೆ ಎಲ್ಲದರ ಫೋಟೊ ಮೇಲಿನಿಂದ ತೆಗೆದು, ನಕ್ಷೆ ಮಾಡಿ, ಮನೆಮನೆಗೂ ಆಸ್ತಿ ಕಾರ್ಡು ಕೊಡುತ್ತಾರಂತೆ. ಅರಸೀಕೆರೆಯಿಂದ ಸರ್ವೆ ಅಧಿಕಾರಿ ಮಂಜುಳಾ ಮೇಡಂ ಹಿಂದಿನ ದಿನವೇ ಬಂದು, ನಿಮ್ಮ ನಿಮ್ಮ ಜಾಗದ ಸುತ್ತ ಸುಣ್ಣದ ಗೆರೆ ಎಳೆಯಿರಿ, ಅಷ್ಟೇ ಸಾಕು ಎಂದು ಹೇಳಿಹೋದರು. ಅಷ್ಟೇ ಸಾಕು ಎಂದರೆ ಕೇಳುವ ಜನವೇ ಇದು? ಡೇರಿ ಅಧ್ಯಕ್ಷ ಜಯದೇವಪ್ಪನವರು ಟೀ ಅಂಗಡಿ ಮುಂದೆ ನಿಂತು ಕಾನೂನು ಹೇಳಿದರು.

"ಸುಣ್ಣ ಯಾರು ಬೇಕಾದ್ರೂ ಎಳೀಬೌದು ಕಣ್ರಲಾ. ಸ್ವಾಧೀನದಲ್ಲಿ ಯಾರವ್ರೋ ಜಾಗ ಅವರ್ದು. ಡ್ರೋನು ಬಂದಾಗ ಜಾಗದಲ್ಲಿ ನಿಂತಿರ್ಲಿಲ್ಲ ಅಂದ್ರೆ ಅದು ಪಕ್ಕದೋನ ಪಾಲು, ತಿಳ್ಕಳಿ!"

ಮುಗಿಯಿತಲ್ಲ ಕಥೆ. ಮಾರನೆಯ ದಿನ ಊರಿಗೆ ಊರೇ ಹೊರಗೆ ಬಂದು ಅವರವರ ಜಾಗ ಕಾಯುತ್ತ ನಿಂತಿತು. ಜಯದೇವಪ್ಪನವರು ಓಣಿಗೆ ಅಡ್ಡಲಾಗಿ ಎಮ್ಮೆ ಹಿಡಿದುಕೊಂಡು ನಿಂತರು. ನಮ್ಮಜ್ಜಿ ಕೆಂಪಲಕ್ಷ್ಮಮ್ಮ ಬೀರುವಿನಿಂದ ರೇಷ್ಮೆ ಸೀರೆ ತೆಗೆಸಿ ಉಟ್ಟು, ದಾಯಾದಿಗಳ ಜೊತೆ ಜಗಳದಲ್ಲಿರುವ ತಿಪ್ಪೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಮಹಾರಾಣಿಯ ಹಾಗೆ ಕುಳಿತಳು. ನಮ್ಮಪ್ಪ ತಿಮ್ಮೇಶ್ ಹಿತ್ತಿಲ ಅಂಚಿನ ತೆಂಗಿನಮರವನ್ನು ತಬ್ಬಿಕೊಂಡು ನಿಂತಿದ್ದ. ಆ ಮರಕ್ಕೆ ಅಷ್ಟು ಪ್ರೀತಿ ಅದರ ಜನ್ಮದಲ್ಲೇ ಸಿಕ್ಕಿರಲಿಲ್ಲ.

ಇಡೀ ಊರು ಒಂದು ಹೆಜ್ಜೆಯೂ ಕದಲದೆ ನಿಂತಿರುವ ಇಂಥ ಗಳಿಗೆ ಮತ್ತೆ ಯಾವಾಗ ಸಿಕ್ಕೀತು? ನಾನು ಸಿದ್ಧಾರ್ಥನಿಗೆ ಫೋನ್ ಮಾಡಿದೆ. ಅವನು ಅರಸೀಕೆರೆ ಬಸ್ಸಿನ ಕಂಡಕ್ಟರು, ಅವತ್ತು ರಜೆ. ಅವರ ಮನೆಯ ಜಾಗಕ್ಕೆ ಅವನಪ್ಪ ಜವರಪ್ಪ ಕಾವಲು ನಿಂತಿದ್ದರಿಂದ ಅವನಿಗೆ ಬಿಡುವು. ನಾವಿಬ್ಬರೂ ಇಷ್ಟಪಟ್ಟು ಬಹಳ ಕಾಲವಾಗಿತ್ತು. ಆದರೆ ಅವರದು ಮೇಲಿನ ಬೀದಿ, ನಮ್ಮದು ಕೆಳಗಿನ ಬೀದಿ. ಒಬ್ಬರ ಸಾವಿಗೆ ಒಬ್ಬರು ಹೋಗುತ್ತೇವೆ, ಮದುವೆಯಲ್ಲಿ ಒಟ್ಟಿಗೆ ಕೂತು ಉಣ್ಣುತ್ತೇವೆ, ಹೆಣ್ಣು ಮಾತ್ರ ಕೊಡುವುದಿಲ್ಲ, ತರುವುದಿಲ್ಲ. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಡೇರಿ ಕಟ್ಟಡ ಎಲ್ಲರಿಗೂ ಸೇರಿದ್ದು, ಅದನ್ನು ಕಾಯಲು ಯಾರೂ ಬಂದಿರಲಿಲ್ಲ. ನಾವು ಅದರ ತಾರಸಿ ಹತ್ತಿದೆವು. "ಒಂದೇ ಒಂದ್ ಸುತ್ತು ಕಣೇ," ಎಂದು ಅವನು ನನ್ನ ಎರಡೂ ಕೈ ಹಿಡಿದು ಬುಗುರಿಯ ಹಾಗೆ ತಿರುಗಿಸಿದ. ಅಯ್ಯೋ, ಎಂಥ ಖುಷಿ! ತಲೆ ತಿರುಗಿ, ಉಸಿರುಗಟ್ಟಿ, ಹೊಟ್ಟೆ ಹಿಡಿದುಕೊಂಡು ನಗುತ್ತ ಮೇಲೆ ನೋಡುತ್ತೇನೆ, ಡ್ರೋನು ಗುಂಯ್ ಎನ್ನುತ್ತ ನಮ್ಮ ನೆತ್ತಿಯ ಮೇಲೇ ನಿಂತಿದೆ! ತಾರಸಿಯನ್ನೂ ಅದು ನೋಡುತ್ತದೆ ಎಂಬುದು ನಮ್ಮಿಬ್ಬರ ಬುದ್ಧಿಗೂ ಹೊಳೆದಿರಲಿಲ್ಲ.

ನಗು ಅಲ್ಲೇ ಇಂಗಿತು. ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಊರಿಗೆಲ್ಲ ತೋರಿಸುತ್ತಾರೆ. ಭಾನುವಾರ ಹುಲಿಕೆರೆಯಿಂದ ಗಂಡಿನ ಕಡೆಯವರು ನನಗೆ ಹೂ ಮುಡಿಸಲು ಬರುವವರಿದ್ದರು. ನನ್ನನ್ನು ಒಂದು ಮಾತು ಕೇಳದೆ ಅಪ್ಪ ಒಪ್ಪಿಕೊಂಡು ಬಂದಿದ್ದ. ಅಷ್ಟರೊಳಗೆ ಸಿದ್ಧಾರ್ಥನ ವಿಷಯವನ್ನು ನಾನೇ ಅಪ್ಪನಿಗೆ ಹೇಳಬೇಕು ಎಂದುಕೊಂಡಿದ್ದೆ. ಊರಿಗೆಲ್ಲ ಬಾಯಿ ಮಾಡುವ ನನಗೆ ಅಪ್ಪನ ಮುಂದೆ ನಾಲಿಗೆಯೇ ಏಳುತ್ತಿರಲಿಲ್ಲ. ಈಗ ಅಪ್ಪ ಅದನ್ನು ಗೋಡೆ ನೋಡಿ ತಿಳಿದುಕೊಂಡರೆ ನನ್ನ ಗತಿ ಏನು?

ಮರುದಿನ ಮೊದಲ ಬಸ್ಸಿಗೇ ಅರಸೀಕೆರೆಗೆ ಹೋಗಿ ಮಂಜುಳಾ ಮೇಡಂ ಮುಂದೆ ನಿಂತೆ.

"ಮೇಡಂ, ಹೊಸ ಕಾನೂನು ಬಂದೈತಂತಲ್ಲ, ನಮ್ಮನ್ನ ಕೇಳ್ದೆ ನಮ್ ಫೋಟೊ ಇಟ್ಕಳಂಗಿಲ್ಲ ಅಂತ. ನಂದು ಅಳಿಸ್ಬಿಡಿ."

"ಅಳಿಸೋಣಮ್ಮ. ಎಲ್ಲಿ ನಿಂತಿದ್ರಿ?"

"ಅದನ್ನ ಹೇಳಕ್ಕಾಗಲ್ಲ."

"ಜೊತೆಗೆ ಯಾರಾದ್ರೂ ಇದ್ರಾ?"

"ಅದನ್ನಂತೂ ಹೇಳೋದೇ ಇಲ್ಲ!"

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. "ಗಾಬರಿ ಆಗ್ಬೇಡಿ. ಊರಿಗೆ ತೋರಿಸೋ ನಕ್ಷೇಲಿ ಮನುಷ್ಯರೇ ಇರಲ್ಲ. ಎಲ್ಲರ ಮೇಲೂ ಬಿಳೀ ಚುಕ್ಕೆ ಹಾಕಿ ಮುಚ್ಚಿಬಿಡ್ತೀವಿ. ಯಾರ ಗುರುತೂ ಯಾರಿಗೂ ಸಿಗಬಾರದು ಅಂತ ಸರ್ಕಾರನೇ ಹೇಳಿದೆ."

ಆ ತಾಯಿಯ ಹೊಟ್ಟೆ ತಣ್ಣಗಿರಲಿ! ಸಂತೋಷಕ್ಕೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟ್ ಮಸಾಲೆದೋಸೆ ತಿಂದೆ.

ಶುಕ್ರವಾರ ನಕ್ಷೆ ಬಂತು. ಪಂಚಾಯಿತಿ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಳಿದ ಹಾಗೇ ಮನುಷ್ಯರಿದ್ದ ಕಡೆಯೆಲ್ಲ ಬಿಳೀ ಚುಕ್ಕೆಗಳು. ಇದು ನಿಮ್ಮ ಖಾಸಗಿತನದ ರಕ್ಷಣೆಗಾಗಿ ಎಂದು ಮೇಡಂ ವಿವರಿಸಿದರು. ನಾನು ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ತಟ್ಟಿದ್ದು ನಾನೊಬ್ಬಳೇ.

"ಏನವ್ವಾ ಇದು ಅನ್ಯಾಯ!" ಎಂದು ಅಜ್ಜಿ ಎದ್ದಳು. "ರೇಷ್ಮೆ ಸೀರೆ ಉಟ್ಕೊಂಡು ತಿಪ್ಪೆ ಮ್ಯಾಲೆ ಬಿಸ್ಲಲ್ಲಿ ಬೆಂದಿದ್ದು ಚುಕ್ಕೆ ಆಗಕ್ಕಾ? ಇದು ನಾನು, ಕೆಂಪಲಕ್ಷ್ಮಮ್ಮ! ಬರ್ಕಳಿ ಹೆಸ್ರ!"

"ಅಜ್ಜೀ, ಹಾಗೆ ಹೆಸರು ಹೇಳಬಾರದು, ಅದಕ್ಕೇ ಮುಚ್ಚಿರೋದು..."

ಯಾರು ಕೇಳುತ್ತಾರೆ? ಜನ ನಕ್ಷೆಗೆ ಮುಗಿಬಿದ್ದರು. "ಓಣೀಲಿರೋದು ನಾನು, ಪಕ್ಕದ್ದು ಎಮ್ಮೆ," ಎಂದರು ಜಯದೇವಪ್ಪ. "ಮರ ತಬ್ಕೊಂಡಿರೋನು ನಾನು," ಎಂದ ಅಪ್ಪ. ಸರ್ಕಾರ ಕಷ್ಟಪಟ್ಟು ಮುಚ್ಚಿದ್ದ ಇಡೀ ಊರನ್ನು ನಮ್ಮವರು ಕ್ಷಣದಲ್ಲಿ ಬಿಚ್ಚಿಟ್ಟರು. ಒಂದೊಂದು ಚುಕ್ಕೆಗೂ ಒಡೆಯ ಸಿಗುತ್ತ ಹೋದ ಹಾಗೆ ನಾನು ಒಂದೊಂದೇ ಹೆಜ್ಜೆ ಹಿಂದೆ ಸರಿದೆ. ಕೊನೆಗೆ ನೀರುಗಂಟಿ ಹುಚ್ಚಣ್ಣ ಬೆರಳಿಟ್ಟು ತೋರಿಸಿದ.

"ಡೇರಿ ತಾರಸಿ ಮ್ಯಾಲೆ ಎರಡವೆ. ಇವ್ಯಾರವು?"

ಜಯದೇವಪ್ಪನವರ ಮುಖ ಕೆಂಪಾಯಿತು. "ಡೇರಿ ಜಾಗ ಹೊಡ್ಕಳಕ್ಕೆ ಯಾವನೋ ಹೊಂಚು ಹಾಕವ್ನೆ! ಪೋಲೀಸ್ ಕಂಪ್ಲೇಂಟ್ ಕೊಡ್ತೀನಿ!"

"ಥೂ, ಬುಡಪ್ಪ," ಎಂದಳು ಅಜ್ಜಿ. "ಎರಡು ಮಂಗ ಇರ್ಬೇಕು. ಮೈಗೆ ಮೈ ಅಂಟಿಸ್ಕೊಂಡು ಹೇನು ಹೆಕ್ಕತಾ ಕುಂತವೆ."

ಎಲ್ಲರೂ ಗೊಳ್ಳೆಂದು ನಕ್ಕರು. ಮಂಗವೇ ಎಂದು ಊರು ಒಪ್ಪಿಬಿಟ್ಟಿತು. ನಾನು ಬಚಾವಾದೆ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಭಾನುವಾರ ಹುಲಿಕೆರೆಯವರು ಬಂದು ಹೂ ಮುಡಿಸಿ ಹೋಗುತ್ತಿದ್ದರು. ಗುಂಪಿನ ಆಚೆ ತುದಿಯಲ್ಲಿ ಸಿದ್ಧಾರ್ಥ ನನ್ನನ್ನೇ ನೋಡುತ್ತಿದ್ದ. ನನ್ನ ಜೀವನದಲ್ಲೇ ಅತಿ ಚೆಂದದ ಗಳಿಗೆ ಅದು, ಅದಕ್ಕೆ ಮಂಗ ಅಂತಾರಾ? ಸಿಟ್ಟು ನೆತ್ತಿಗೇರಿತು.

"ಮಂಗ ಅಲ್ಲ ಕಣ್ರೀ! ಅದು ನಾನು!"

ನಗು ನಿಂತಿತು. ಆಚೆ ತುದಿಯಿಂದ, ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟೇ ಗಟ್ಟಿಯಾಗಿ, ಸಿದ್ಧಾರ್ಥ ಹೇಳಿದ: "ಇನ್ನೊಂದು ನಾನು."

ಅಪ್ಪ ಗುಂಪನ್ನು ಸೀಳಿಕೊಂಡು ನಕ್ಷೆಯ ಹತ್ತಿರ ಹೋದ. "ಆ ಎರಡು ಚುಕ್ಕೆ ತೆಗೀರಿ ಮೇಡಂ. ಏನ್ ಮಾಡ್ತಿದ್ರು ಅಂತ ನೋಡ್ಬೇಕು ನಾನು."

"ಆಗಲ್ಲ ತಿಮ್ಮೇಶ್ ಅವರೇ. ಅವರನ್ನ ಕೇಳ್ದೆ ತೆಗೆಯೋ ಹಾಗಿಲ್ಲ."

"ನಾನು ಅವಳಪ್ಪ ಕಣ್ರೀ!"

"ಅವರು ದೊಡ್ಡವರಾಗಿದಾರೆ. ಅವರ ವಿಷಯ, ಅವರ ಇಷ್ಟ. ಅಪ್ಪ ಆಗಲಿ, ಸರ್ಕಾರನೇ ಆಗಲಿ, ಕೇಳಲೇಬೇಕು."

ಅಪ್ಪ ನನ್ನ ಕಡೆ ತಿರುಗಿದ. ಬೈಯುತ್ತಾನೆಂದು ಕಾದೆ. ಅವನ ಧ್ವನಿ ಮಾತ್ರ ತೀರಾ ಸಣ್ಣದಾಗಿತ್ತು.

"ನಂಗ್ಯಾಕವ್ವ ಹೇಳ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲಪ್ಪ," ಎಂದೆ. ಅಷ್ಟು ಹೇಳುವಾಗ ನನಗೆ ಅಳು ಬಂದುಬಿಟ್ಟಿತು.

ಅಪ್ಪ ಆ ಎರಡು ಚುಕ್ಕೆಗಳ ಮೇಲೆ ಬೆರಳಿಟ್ಟ. "ಒಂದು ಚುಕ್ಕೆ ತೆಗಿಯಕ್ಕೆ ಸರ್ಕಾರ ಇವಳ್ನ ಕೇಳ್ಬೇಕಂತೆ," ಎಂದ, ಯಾರಿಗೆ ಅಂತಲ್ಲ. "ನಾನು ಕೇಳ್ದೇನೆ ಮದುವೆಗೆ ಮಾತು ಕೊಟ್ಟುಬಂದ್ನಲ್ಲ." ಆಮೇಲೆ ಜೇಬಿನಿಂದ ಫೋನ್ ತೆಗೆದು, ಎಲ್ಲರ ಮುಂದೆಯೇ ಹುಲಿಕೆರೆಗೆ ಕರೆ ಮಾಡಿದ. ಅಪ್ಪನಿಗೆ ಫೋನಿನಲ್ಲಿ ಕೂಗದೆ ಮಾತಾಡಿ ಗೊತ್ತಿಲ್ಲ.

"ಯಜಮಾನ್ರೇ, ಭಾನುವಾರ ಬರಾದ್ ಬ್ಯಾಡಿ, ತಪ್ಪಾಯ್ತು... ಹುಡುಗಿಗೆ ಇಷ್ಟ ಇಲ್ಲ... ಕಾರಣವಾ? ಅದನ್ನ ಹೇಳಕ್ಕಾಗಲ್ಲ ಯಜಮಾನ್ರೇ! ಅದು ನನ್ ಮಗಳ ಸ್ವಂತ ವಿಚಾರ! ಅವಳ್ನ ಕೇಳ್ದೆ ಯಾರ್ಗೂ ಹೇಳಂಗಿಲ್ಲ, ಕಾನೂನೈತೆ!"

ಅಂಗಳದ ತುಂಬ ನಿಂತಿದ್ದ ಊರಿಗೆ ಊರೇ, ಹೌದೌದು, ಯಾರಿಗೂ ಹೇಳಂಗಿಲ್ಲ ಎಂದು ತಲೆಯಾಡಿಸಿತು.