ಹುಲಗಪ್ಪನ ಕೈಗಂಟೆ

ಮುದನಾಳದ ಹಾದಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಗಂಟೆಗಳು ಸದ್ದು ಮಾಡುತ್ತಿದ್ದವು. ಸಾವಿನ ಮನೆಗೆ ಗಣಗಣ ಎನ್ನುತ್ತ ಹೋಗುವುದು ಹೇಗೆಂದು ಸಮುವೇಲ ಮಾಸ್ತರರು ಒಂದೊಂದರ ನಾಲಗೆಗೂ ಬಟ್ಟೆ ಸುತ್ತತೊಡಗಿದರು. ಯಾದಗಿರಿ ಚರ್ಚಿನ ಕೈಗಂಟೆ ಮೇಳದವರೆಲ್ಲ ಜೊತೆಗಿದ್ದರು.

ಕುರುಬರ ಹುಲಗಪ್ಪನ ಹೆಣ ಅವನ ಹೊಲಕ್ಕೇ ಬಂದಿತ್ತು. ಬದುವಿನಲ್ಲಿ ಕುಣಿ ಸಿದ್ಧವಿತ್ತು.

"ಹೈದರಾಬಾದ ರಾಜ್ಯ ಹೋಗಿ ಮೈಸೂರ ರಾಜ್ಯ ಬಂತು, ಮಾಸ್ತರಿಗೆ ಈಗ ದಾರಿ ಗೊತ್ತಾತ ನೋಡು," ಎಂದ ಹುಲಗಪ್ಪನ ತಮ್ಮ ಮಾನಪ್ಪ, ಕೇಳಿಸಲೆಂದೇ.

ಮಾಸ್ತರರು ಹುಲಗಪ್ಪನ ಹೆಂಡತಿಗೆ ಕೈಮುಗಿದರು. "ಶಂಕ್ರವ್ವ, ನೀ ಹ್ಞೂಂ ಅಂದ್ರ ಅವನಿಗೊಂದ ಹಾಡು ಬಾರಿಸ್ತೇವಿ. ಮೇಳ ಹುಟ್ಟಿದ್ದ ಅವನಿಂದ."

ಆಕೆ ಬಟ್ಟೆ ಸುತ್ತಿದ ಗಂಟೆಗಳನ್ನು ಒಂದೊಂದಾಗಿ ನೋಡಿದಳು.

*

ಮೇಳ ಹುಟ್ಟಿದ್ದು ರಜಾಕಾರರ ಗದ್ದಲ ಮುಗಿದ ಚಳಿಗಾಲದಲ್ಲಿ. ಗದ್ದಲಕ್ಕೆ ಹೆದರಿ ಇಳಿಸುವಾಗ ಚರ್ಚಿನ ದೊಡ್ಡ ಗಂಟೆ ಬಿದ್ದು ಬಿರುಕು ಬಿಟ್ಟಿತ್ತು. ಗಂಟೆಯಿಲ್ಲದೆ ಎಂಥ ಕ್ರಿಸ್ಮಸ್ ಎಂದು ಪಾದ್ರಿಗಳು ಮರುಗುತ್ತಿದ್ದಾಗ, ಚರ್ಚಿನೆದುರಿನ ಬಯಲಿನಲ್ಲಿ ಕುರಿ ತರುಬಿ ನಿಲ್ಲಿಸಿದ್ದ ಹುಲಗಪ್ಪ, "ನನ್ನ ಕುರಿ ಕೊರಳಾಗ ಬೇಕಾದಷ್ಟ ಅದಾವಲ್ರಿ," ಎಂದ.

ಮಾಸ್ತರರು ಅಂಗಳಕ್ಕೆ ಹಾರ್ಮೋನಿಯಂ ತಂದು ಒಂದು ಸ್ವರ ಒತ್ತುವರು. ಹುಲಗಪ್ಪ ಒಂದೊಂದೇ ಕುರಿಯ ಕತ್ತು ಹಿಡಿದು ಅಲ್ಲಾಡಿಸುವನು. ಸ್ವರ ಕೂಡಿದ ಕುರಿ ಗಂಟೆ ಕಳೆದುಕೊಂಡು ಮೇಯಲು ಹೋಗುತ್ತಿತ್ತು. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚರ್ಚಿನವರು ಗಂಟೆಗಳಿಗೆ ಹಿಡಿಕೆ ಹಾಕಿಸಿದರು. ಬಾರಿಸುವವರು ಒಬ್ಬರು ಕಡಿಮೆ ಬಿದ್ದಾಗ ತಗ್ಗಿನ ಸ್ವರದ ಗಂಟೆ ಹುಲಗಪ್ಪನ ಕೈಗೇ ಬಂತು. ಹಾಡಿನಲ್ಲಿ ಅವನ ಪಾಳಿ ಬರುವುದೇ ಅಪರೂಪ. ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಅಷ್ಟು ಸುಖವಾಗಿ ಕಾಯುವ ಮನುಷ್ಯನನ್ನು ಮಾಸ್ತರರು ಬೇರೆ ಕಂಡಿರಲಿಲ್ಲ.

ಒಂದು ವರ್ಷ ಕ್ರಿಸ್ಮಸ್ಸಿಗೆ ದೊಡ್ಡ ಪಾದ್ರಿಗಳು ಬರುವರೆಂದಾಯಿತು. ದೀಕ್ಷಾಸ್ನಾನವಾದವರಷ್ಟೇ ಸಾಲಿನಲ್ಲಿ ನಿಲ್ಲಲಿ ಎಂದರು ಸಭೆಯ ಹಿರಿಯರು. ಮಾಸ್ತರರು ತಾವೇ ಹೋಗಿ ಹುಲಗಪ್ಪನಿಂದ ಗಂಟೆ ಇಸಿದುಕೊಂಡರು.

"ಆತ ಬಿಡ್ರಿ, ಹೊರಗ ನಿಂತು ಕೇಳ್ತೇನಿ," ಎಂದಿದ್ದ ಹುಲಗಪ್ಪ.

*

"ಕೇಳಾಕ ಬಂದಿದ್ದನ್ರಿ ಅವ," ಎಂದಳು ಶಂಕ್ರವ್ವ ಕೊನೆಗೆ. "ಹಬ್ಬದ ದಿನ, ಹೊಸ ರುಮಾಲ ಸುತ್ತಿಕೊಂಡು. ಕಿಡಕಿ ಹಂತ್ಯಾಕ ನಿಂತಿದ್ದನಂತ. ನೀವು ನೋಡಿ ಮಾರಿ ತಿರುವಿದ್ರಂತ. ಆಮ್ಯಾಗ ಆ ಕಡಿ ಕುರಿ ಸೈತ ಹೊಡೀಲಿಲ್ಲ."

ಮಾಸ್ತರರಿಗೆ ಆ ಕೆಂಪು ರುಮಾಲು ನೆನಪಿತ್ತು. ಮುಖ ತಿರುಗಿಸಿದ್ದು ನಾಚಿಕೆಯಿಂದ. ಕಿಟಕಿಯಾಚೆ ನಿಂತವನಿಗೆ ಅದು ಹೇಗೆ ತಿಳಿಯಬೇಕು?

"ತಪ್ಪಾತವ್ವ," ಎಂದರು ಮಾಸ್ತರರು.

"ಈಗ ಅವಗ ಕೇಳ್ಸಂಗಿಲ್ರಿ ಮಾಸ್ತರ. ಬಾರಿಸೋದು ಬ್ಯಾಡ."

ತಲೆ ತಗ್ಗಿಸಿ ಗಾಡಿಯ ಕಡೆ ಹೊರಟವರನ್ನು ಆಕೆಯೇ ತಡೆದಳು. "ಎಲ್ಲಿಗಿ ಹೊಂಟ್ರಿ? ಮಣ್ಣಿಗಿ ಬಂದವರು ಮಣ್ಣು ಕೊಡದ ಹೋಗ್ತಾರೇನ್ರಿ?"

ಮಾನಪ್ಪ ಸರಿದು ದಾರಿ ಬಿಟ್ಟ. ಮೇಳದವರು ಗಂಟೆಗಳನ್ನು ಬದುವಿನ ಮೇಲಿಟ್ಟು ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಮಾಸ್ತರರೂ ಒಂದು ಹಿಡಿ ತೆಗೆದುಕೊಂಡು ಕುಣಿಯ ಅಂಚಿಗೆ ಮಂಡಿಯೂರಿದರು. ಉಳಿದವರೆಲ್ಲರ ಮಣ್ಣೂ ಬಿತ್ತು. ಸಲಿಕೆ ಹಿಡಿದವರು ಕಾಯುತ್ತ ನಿಂತರು. ಮಾಸ್ತರರ ಮುಷ್ಟಿ ಮಾತ್ರ ಇನ್ನೂ ಬಿಚ್ಚಿರಲಿಲ್ಲ.