ಒಂಟಿಗಣ್ಣಿನ ಸಾಕ್ಷಿ

ನಾನು ಒಂದು ದುರ್ಬೀನು. ಎಡಗಣ್ಣಿಗೆ ಬೂಷ್ಟು ಹಿಡಿದಿದೆ, ಒಪ್ಪುತ್ತೇನೆ. ಆದರೆ ಬಲಗಣ್ಣಿನ ಮೇಲೆ ಯಾರಾದರೂ ಸಂಶಯಪಟ್ಟರೆ ಸುಮ್ಮನಿರುವ ಜಾತಿ ನನ್ನದಲ್ಲ.

ಹುಟ್ಟಿದ್ದು ಉತ್ತರದ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಮೊದಲು ಕೊರಳಿಗೆ ಹಾಕಿಕೊಂಡವರು ಸುಬೇದಾರ್ ಪರಪ್ಪ. ಅವರು ತೀರಿಕೊಂಡ ಮೇಲೆ ಹಳೇ ಪಾತ್ರೆಗಳ ಜೊತೆ ಗುಜರಿಗೆ ಬಿದ್ದೆ. ಅಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಡಗಣ್ಣು ಹೋಯಿತು. ದಾಂಡೇಲಿಯಲ್ಲಿ ಸೀರೆ ಅಂಗಡಿ ನಡೆಸುವ ಮಂದಾಕಿನಿಯಕ್ಕ ನನ್ನನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, "ಒಂದ ಕಣ್ಣರ ಐತಲ್ಲ, ಸಾಕು" ಎಂದಳು. ಅವತ್ತಿನಿಂದ ನಾನು ಅವಳ ಪಾಲಾದೆ.

ಅಕ್ಕನಿಗೆ ಹಕ್ಕಿ ನೋಡುವ ಹುಚ್ಚು. ಊರಿನ ಹಕ್ಕಿ ಬಳಗದಲ್ಲಿ ಅವಳೂ ಒಬ್ಬಳು. ಆ ಬಳಗದ್ದೊಂದು ಕಟ್ಟಳೆ: ಈ ಕಾಡಿನಲ್ಲಿ ಹಿಂದೆ ಕಾಣದ ಹಕ್ಕಿಯನ್ನು ಇಬ್ಬರು ನೋಡಿದರಷ್ಟೇ ಲೆಕ್ಕ, ಆಗಲೇ ಪಟ್ಟಿಗೆ ಸೇರುವುದು. ಒಂದು ಭಾನುವಾರ ಅಕ್ಕ ಒಬ್ಬಳೇ ಹಳ್ಳದಂಚಿಗೆ ಹೋದಳು. ನೆರಳು ಕವಿದ ಪೊದೆಯಿಂದ ಪುಟ್ಟ ಹಕ್ಕಿಯೊಂದು ಚಿಮ್ಮಿ, ಗಾಳಿಯಲ್ಲೇ ನೊಣ ಹಿಡಿದು, ಅದೇ ಕೊಂಬೆಗೆ ಮರಳಿತು. ಎದೆ ಕೇಸರಿ, ಹೊಟ್ಟೆ ಬಿಳಿ, ಬೆನ್ನು ಕಂದು. "ಬಿಳಿ ಹೊಟ್ಟೆಯ ನೀಲಿ ನೊಣಹಿಡುಕ! ಹೆಣ್ಣು!" ಎಂದು ಅಕ್ಕ ಉಸುರಿದಳು. ಹೆಸರಿನಲ್ಲಿರುವ ನೀಲಿಯೆಲ್ಲ ಗಂಡಿನದು, ಹೆಣ್ಣಿಗೆ ಅದರ ಒಂದೆಳೆಯೂ ಇಲ್ಲ.

ಬಳಗದ ಹಿರಿಯರಾದ ಜಯತೀರ್ಥರು ಸುದ್ದಿ ಕೇಳಿ ನಕ್ಕುಬಿಟ್ಟರು. "ಎದಿ ಕೇಸರಿ ಇತ್ತಂದ್ರ ಅದು ನಾವು ದಿನಾ ನೋಡೂ ಬ್ಯಾರೆ ಜಾತಿ ನೊಣಹಿಡುಕ, ಅಕ್ಕಾರ. ಅದರ ಬೆನ್ನು ನೀಲಿ. ನಿಮ್ಮ ದುರ್ಬೀನಿನ ಬೂಷ್ಟಿಗೆ ಕಂದು ಕಂಡಿರಬೇಕು."

ಅಬ್ಬಾ, ನನ್ನ ಮೈಯೆಲ್ಲ ಉರಿದುಹೋಯಿತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನೂ ನೋಡಿದ್ದೆನಲ್ಲ, ನನ್ನನ್ನು ಯಾರು ಕೇಳಿದರು? ಅಕ್ಕನೂ ಬಗ್ಗಲಿಲ್ಲ.

"ದಿನಾ ಸೀರಿ ಬಿಚ್ಚಿ ತೋರಸಾಕಿ ನಾನು. ನೀಲಿ ಯಾವುದು, ಕಂದು ಯಾವುದು ಅಂತ ನನಗ ಹೇಳಬ್ಯಾಡ್ರಿ. ಬರ್ರಿ, ತೋರಸ್ತೀನಿ."

ಜಯತೀರ್ಥರು ತಮ್ಮ ಹೊಸ ದುರ್ಬೀನನ್ನೇ ಕೊಡಲು ಬಂದರು. ಅಕ್ಕ ಮುಟ್ಟಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಹಳ್ಳದಂಚಿನಲ್ಲಿ ಕಾದು ಕೂತರು. ಇಬ್ಬರ ಕಾಲಿಗೂ ಜಿಗಣೆ ಹತ್ತಿದವು. ಕೊನೆಗೆ ಆ ಕಂದು ಬೆನ್ನಿನವಳು ಹುಳ ಕಚ್ಚಿಕೊಂಡು ಬಂದು ಕೊಳೆತು ಲಡ್ಡಾದ ಮರದ ಬೊಡ್ಡೆಯ ಪೊಟರೆಯೊಳಗೆ ನುಗ್ಗಿದಳು. ಅವಳ ಬೆನ್ನಿಗೇ ಗಂಡು ಬಂದ. ಎದೆ ಕಡುನೀಲಿ, ಹೊಟ್ಟೆ ಬಿಳಿ. ಅವನೂ ಹುಳ ತಂದು ಅದೇ ಪೊಟರೆಗೇ ಹೋದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ಸೋತೆ ಅಕ್ಕಾರ," ಎಂದರು ಜಯತೀರ್ಥರು. "ಇವತ್ತ ಇಬ್ಬರೂ ನೋಡೇವಿ. ಪಟ್ಟ್ಯಾಗ ಇವತ್ತಿನ ತಾರೀಖ ಹಾಕೋಣು."

"ಇವತ್ತಿಂದ್ಯಾಕ? ಹೋದ ಐತವಾರದ್ದ ಹಾಕ್ರಿ. ಅವತ್ತೂ ಇಬ್ಬರು ನೋಡೇವಿ."

"ಇನ್ನೊಬ್ಬರು ಯಾರು?"

ಅಕ್ಕ ನನ್ನನ್ನು ಕೊರಳಿಂದ ತೆಗೆದು ಅವರ ಕೈಗಿಟ್ಟಳು. ಅವರು ನನ್ನ ಬಲಗಣ್ಣಿನಿಂದ ಪೊಟರೆಯ ಕಡೆ ಬಹಳ ಹೊತ್ತು ನೋಡಿದರು. ಹೋದ ಭಾನುವಾರದ ತಾರೀಖೇ ನಿಂತಿತು.

ಈಗ ನನ್ನ ಬಲಗಣ್ಣಿಗೂ ಮಂಜು ಕವಿದಿದೆ. ಅಂಗಡಿಯ ಗೋಡೆಯ ಮೊಳೆಗೆ ಜೋತುಬಿದ್ದಿದ್ದೇನೆ. ಸೀರೆಗೆ ಬಂದವರು, "ಈ ಹಾಳಾದ್ದನ್ನ ಇನ್ನೂ ಒಗದಿಲ್ಲೇನ್ರಿ?" ಎಂದು ಕೇಳುವುದುಂಟು. ಅಕ್ಕ ಮಡಿಸುತ್ತಿದ್ದ ಸೀರೆಯನ್ನು ಅಲ್ಲೇ ಬಿಟ್ಟು ಎದ್ದು ನಿಲ್ಲುತ್ತಾಳೆ.

"ಒಗಿಯಾಕ ಅದೇನು ಸಾಮಾನಲ್ರಿ. ನನ್ನ ಸಾಕ್ಷಿ!"